ಒಡಪು ಕಟ್ಟಿದವಳ ಹೆಸರು

ಈಗ ತಾನೇ ಈ ವಿಹಾರದಲ್ಲಿ, ಈ ಭಿಕ್ಖುವಿನ ಜೊತೆ ಎಲ್ಲರೂ ಕೈಮುಗಿದು ಪಂಚಶೀಲದ ಎರಡನೆಯ ಶೀಲ ಹೇಳಿದಿರಿ. ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದಿಲ್ಲ ಎಂದಿರಿ. ಗೋಡೆ ಅದುರುವಷ್ಟು ಗಟ್ಟಿಯಾಗಿ ಹೇಳಿದಿರಿ. ಹೇಳುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು? ಪಕ್ಕದ ಮನೆಯ ಕೋಳಿ? ಬದುವಿನಲ್ಲಿ ಒತ್ತಿಕೊಂಡ ಎರಡು ಮೊಳ ನೆಲ? ಅಷ್ಟೇ ಅಲ್ಲವೇ? ನೋಡಿ, ಅದಕ್ಕಿಂತ ದೊಡ್ಡ ಕಳ್ಳತನವನ್ನು ಹಾಡಹಗಲೇ, ಹೆಗಲ ಮೇಲೆ ಶಾಲು ಹೊದ್ದುಕೊಂಡು ಮಾಡಬಹುದು. ಚಪ್ಪಾಳೆಯನ್ನೂ ಗಿಟ್ಟಿಸಬಹುದು. ಹೇಗೆ ಅಂತೀರಾ? ಕೇಳಿ.

ಒಂದು ಊರು. ಆ ಊರಿಗೊಬ್ಬ ಸಾಹುಕಾರ, ಕಾಶಿರಾಯ ಅಂತ. ನಮ್ಮವನೇ, ಧಮ್ಮಕ್ಕೆ ಬಂದವನು. ವಿಹಾರಕ್ಕೆ ಜಾಗ ಕೊಟ್ಟವನು. ಒಂದು ಹುಣ್ಣಿಮೆಯನ್ನೂ ತಪ್ಪಿಸದೆ ಬಿಳಿ ಬಟ್ಟೆ ಉಟ್ಟು ಮೊದಲ ಸಾಲಿನಲ್ಲಿ ಕೂರುವವನು. ಅವನ ಹೆಂಡತಿ ಅಕ್ಷರ ಬಾರದವಳು. ಆದರೆ ಒಡಪು ಹೇಳಲು ನಿಂತಳೆಂದರೆ ಊರೇ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಿತ್ತು.

ಒಡಪು ನಿಮಗೆ ಗೊತ್ತಿದ್ದದ್ದೇ. ಹೆಂಗಸು ಗಂಡನ ಹೆಸರನ್ನು ಸುಮ್ಮನೆ ಬಾಯಲ್ಲಿ ಹೇಳಬಾರದು, ಪದ ಕಟ್ಟಿ ಅದರೊಳಗೆ ಹೇಳಬೇಕು. ಮದುವೆಯಾಗಲಿ, ತೊಟ್ಟಿಲ ಕಾರ್ಯವಾಗಲಿ, ಬಾಗಿಲಿಗೆ ಅಡ್ಡ ನಿಂತು ‘ಹೆಸರ ಹೇಳು, ಆಮ್ಯಾಲ ಒಳಗ ಬಾ’ ಎನ್ನುತ್ತಾರೆ. ಉಳಿದವರು ಎಲ್ಲೋ ಕೇಳಿದ್ದನ್ನೇ ಹೇಳಿ ಒಳಗೆ ನುಸುಳಿಕೊಳ್ಳುತ್ತಾರೆ. ಇವಳು ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳಿದವಳಲ್ಲ. ನಿಂತ ಹೊಸ್ತಿಲಲ್ಲೇ ಹೊಸದು ಕಟ್ಟುತ್ತಿದ್ದಳು.

‘ಕರಿ ಹೊಲದಾಗ ಬಿಳಿ ಜ್ವಾಳ, ತೆನಿ ಮ್ಯಾಲ ಗುಬ್ಬಿ ಸಾಲ,
ಕಾಶಿರಾಯರ ಸಿಟ್ಟು ಇಳೀಬೇಕಂದ್ರ ಬೇಕು ಒಂದು ಮಳಿಗಾಲ.’

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಂಡನ ಎದುರಿಗೆ ನಿಂತು ಹೇಳಲಾಗದ್ದನ್ನೆಲ್ಲ ಅವಳು ಹೀಗೆ ಹೊಸ್ತಿಲ ಮೇಲೆ ನಿಂತು ಹೇಳಿಬಿಡುತ್ತಿದ್ದಳು. ಅವಳಿಗಿದ್ದ ಜಾಗ ಅದೊಂದೇ.

ಆ ಮನೆಗೆ ಸೊಸೆ ಬಂದಳು, ಓದಿದ ಹುಡುಗಿ. ಅತ್ತೆ ರೊಟ್ಟಿ ಬಡಿಯುತ್ತ ಹೇಳಿದ ಒಡಪುಗಳನ್ನೆಲ್ಲ ಒಲೆಯ ಪಕ್ಕದಲ್ಲೇ ಕುಳಿತು ಬರೆದುಕೊಂಡಳು. ‘ಅತ್ತಿ, ಇವೆಲ್ಲಾ ಪುಸ್ತಕ ಆಗ್ತಾವ ನೋಡ್ರಿ. ಮ್ಯಾಲ ನಿಮ್ಮ ಹೆಸರು ಇರ್ತದ’ ಎಂದಳು. ಅತ್ತೆ ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಅವತ್ತಿನಿಂದ ಅವಳಿಗೆ ಅದೇ ಒಂದು ಆಸೆ. ಒಮ್ಮೆಯಾದರೂ ತನ್ನ ಹೆಸರು ಅಚ್ಚಿನಲ್ಲಿ ಹೇಗಿರುತ್ತದೆ, ನೋಡಬೇಕು.

ಸಾಹುಕಾರ ಆ ಹಾಳೆಗಳನ್ನು ತೆಗೆದುಕೊಂಡು ಪಟ್ಟಣದ ಪ್ರೆಸ್ಸಿಗೆ ತಾನೇ ಹೋದ. ಪುಸ್ತಕಗಳ ಗಂಟು ಬಂತು. ಅತ್ತೆ ಕೈ ತೊಳೆದುಕೊಂಡು ಬಂದು ಒಂದನ್ನು ತೆಗೆದುಕೊಂಡಳು. ‘ನನ್ನ ಹೆಸರು ಎಲ್ಲಿ ಅದ? ಬಟ್ಟು ಇಟ್ಟು ತೋರ್ಸವ್ವ’ ಎಂದು ಸೊಸೆಯನ್ನು ಕೇಳಿದಳು. ಸೊಸೆ ರಟ್ಟು ನೋಡಿದಳು, ಒಳಗೆ ನೋಡಿದಳು, ಹಿಂದೆ ನೋಡಿದಳು. ರಟ್ಟಿನ ಮೇಲೆ ರುಮಾಲು ಸುತ್ತಿದ ಸಾಹುಕಾರನ ಫೋಟೊ. ಕೆಳಗೆ ‘ಸಾಹುಕಾರ ಕಾಶಿರಾಯರ ಒಡಪುಗಳು’. ಎಲ್ಲಿ ಬೆರಳು ಇಡಬೇಕು ಆ ಹುಡುಗಿ? ನೀವೇ ಹೇಳಿ, ಎಲ್ಲಿ ಇಡಬೇಕು?

ಅವಳು ಮಾವನನ್ನು ಕೇಳಿಯೇಬಿಟ್ಟಳು. ‘ಮಾವಾರ, ಇವು ಅತ್ತಿ ಕಟ್ಟಿದ್ದಲ್ರೀ?’

ಸಾಹುಕಾರನಿಗೆ ಸಿಟ್ಟೂ ಬರಲಿಲ್ಲ, ನಾಚಿಕೆಯೂ ಆಗಲಿಲ್ಲ. ‘ಅಕಿ ಬಾಯಿಲೆ ಹೇಳ್ಯಾಳ, ಖರೆ. ಆದ್ರ ಒಂದೊಂದು ಪದದಾಗೂ ಯಾರ ಹೆಸರು ಅದ ನೋಡು. ಕಾಶಿರಾಯ, ಕಾಶಿರಾಯ, ಕಾಶಿರಾಯ! ನನ್ನ ಹೆಸರಿದ್ದ ಮ್ಯಾಲ ಅವು ನನ್ನವಲ್ಲದ ಮತ್ಯಾರವು?’ ಎಂದ.

ಕೇಳಿದಿರಾ ಲೆಕ್ಕ? ಅವಳು ಅವನ ಹೆಸರನ್ನು ಹೊತ್ತಳು, ಆದ್ದರಿಂದ ಅವಳ ಮಾತು ಅವನದಾಯಿತು. ನಗುತ್ತಿದ್ದೀರಿ. ನಗಬೇಡಿ. ನಿಮ್ಮ ಮನೆಯಲ್ಲಿಯೂ ಇದೇ ಲೆಕ್ಕ ನಡೆದಿದೆ.

ವಿಹಾರದ ಅಂಗಳದಲ್ಲೇ ಪುಸ್ತಕ ಬಿಡುಗಡೆ ಆಯಿತು. ಪಂಚಶೀಲ ಹೇಳಿಯೇ ಶುರು ಮಾಡಿದರು! ಶಾಲು ಬಂತು, ಹಾರ ಬಂತು, ಪಟ್ಟಣದಿಂದ ಬಂದವರು ‘ನೆಲದ ಕವಿ’ ಎಂದು ಭಾಷಣ ಮಾಡಿದರು. ಕೊನೆಗೆ ಸಾಹುಕಾರ ದೊಡ್ಡ ಮನಸ್ಸು ಮಾಡಿ ಹೆಂಡತಿಯನ್ನು ಕರೆದ. ‘ಬಾ, ನನ್ನ ಹೆಸರಿಲೆ ಒಂದು ಒಡಪು ಹೇಳು, ಮಂದಿ ಕೇಳ್ಲಿ.’ ಅವಳು ಮೆಟ್ಟಿಲು ಹತ್ತಿ ಬಂದಳು. ಮೈಕು ಹಿಡಿಯಲು ಬಾರದು, ಸೊಸೆ ಹಿಡಿದಳು. ಅವಳು ಹೇಳಿದ್ದು ಇದು:

‘ಬೀಸಿದ ರಟ್ಟಿ ನಂದು, ಹಿಟ್ಟು ಸೋಸಿದ ಜಲ್ಡಿ ನಂದು,
ಕಟ್ಟಿದಾಕಿ ತಿಪ್ಪವ್ವ, ಬಾಯಿ ನಂದು, ಪದ ನಂದು.’

ಸಭೆ ಮುಖ ಮುಖ ನೋಡಿಕೊಂಡಿತು. ಗಂಡನ ಹೆಸರೇ ಇಲ್ಲದ ಒಡಪು ಇದ್ದೀತೇ? ಸಾಹುಕಾರ ಕುರ್ಚಿಯಿಂದ ಮುಂದಕ್ಕೆ ಬಾಗಿ ಕೇಳಿದ, ‘ಯಾರಕಿ ತಿಪ್ಪವ್ವ?’

ಕೇಳಿಸಿಕೊಂಡಿರಾ? ಒಂದೇ ಚಾವಣಿಯ ಕೆಳಗೆ ಬಾಳಿ, ಮಕ್ಕಳು ಮಾಡಿ, ಮೊಮ್ಮಕ್ಕಳನ್ನು ಕಂಡವನು ಕೇಳಿದ ಪ್ರಶ್ನೆ ಇದು. ಯಾರು ಅವಳು?

ಅವಳು ಹೇಳಿದಳು, ‘ನಾನ್ರೀ. ಮದಿವ್ಯಾಗ ತಲಿ ಮ್ಯಾಲ ಅಕ್ಷತಾ ಬೀಳೂಮಟ ಆಕಿ ಇದ್ಳು. ಆಮ್ಯಾಲ ನೀವು ತಟ್ಟಿ ತುಂಬ ಅಕ್ಕಿ ಹರವಿ, ಉಂಗುರದಿಂದ ಶಾಂತಾಬಾಯಿ ಅಂತ ಬರದ್ರಿ.’

ತಿಪ್ಪವ್ವ! ಸಾಹುಕಾರರ ಮನೆಗೆ ಒಪ್ಪುವ ಹೆಸರಲ್ಲ ಎಂದು ಅಳಿಸಿದ್ದರು. ಆ ಹೆಸರನ್ನು ಯಾಕೆ ಇಡುತ್ತಾರೆ, ನಿಮಗೆ ಗೊತ್ತಿಲ್ಲವೇ? ಹಿಂದೆ ಹುಟ್ಟಿದ ಮಕ್ಕಳೆಲ್ಲ ಮಣ್ಣು ಸೇರಿದ ಮೇಲೆ, ಇದೊಂದಾದರೂ ಉಳಿಯಲಿ ಎಂದು ತಾಯಿಯೊಬ್ಬಳು ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ಅಳುತ್ತ ಎತ್ತಿಕೊಂಡು ಇಟ್ಟ ಹೆಸರು ಅದು. ಅದನ್ನು ಅಳಿಸಲು ಸಾಹುಕಾರನ ಉಂಗುರದ ಎರಡು ಗೀರು ಸಾಕಾಯಿತು.

ಆಮೇಲೆ ಏನಾಯಿತು? ಸಾಹುಕಾರ ಪಶ್ಚಾತ್ತಾಪಪಟ್ಟು ಹೆಂಡತಿಯ ಕಾಲಿಗೆ ಬಿದ್ದ ಎಂದು ಹೇಳಲೇ? ನಿಮಗೆ ಸಮಾಧಾನವಾಗಿ ಮನೆಗೆ ಹೋಗಿ ಉಣ್ಣುತ್ತೀರಿ. ಹಾಗಾಗಲಿಲ್ಲ. ಅವನು ಸಭೆಯ ಕಡೆ ತಿರುಗಿ ‘ವಯಸ್ಸಾಗ್ಯದ, ಏನೇನರ ಅಂತಾಳ’ ಎಂದು ನಕ್ಕ. ಸಭೆಯೂ ನಕ್ಕಿತು. ಪುಸ್ತಕ ಇವತ್ತಿಗೂ ಅವನ ಫೋಟೊ ಹೊತ್ತುಕೊಂಡೇ ಇದೆ. ಅವಳು ಮತ್ತೆ ಯಾವ ಹೊಸ್ತಿಲಲ್ಲೂ ಬಾಯಿ ತೆರೆಯಲಿಲ್ಲ. ಆ ಊರಿನ ಹೊಸ ಸೊಸೆಯರು ಈಗ ಸಾಹುಕಾರನ ಪುಸ್ತಕ ನೋಡಿ ಒಡಪು ಬಾಯಿಪಾಠ ಮಾಡುತ್ತಾರೆ. ಹೊಸದು ಕಟ್ಟುವ ಒಬ್ಬಳೂ ಅಲ್ಲಿ ಉಳಿದಿಲ್ಲ.

ಇದು ಕಳ್ಳತನವಲ್ಲವೇ? ಇದು ಸುಳ್ಳಲ್ಲವೇ? ಎರಡನೆಯ ಶೀಲವೂ ಮುರಿಯಿತು, ನಾಲ್ಕನೆಯದೂ ಮುರಿಯಿತು. ನಮ್ಮ ಧಮ್ಮದಲ್ಲಿ ಭಿಕ್ಖುನಿಯರು ಹಾಡಿದ ಹಾಡುಗಳಿವೆ. ಅಡುಗೆಮನೆ ಬಿಟ್ಟು ಬಂದವಳು, ಮಗು ಕಳೆದುಕೊಂಡವಳು, ಒಬ್ಬೊಬ್ಬಳ ಹಾಡೂ ಎರಡು ಸಾವಿರ ವರ್ಷಗಳಿಂದ ಅವಳವಳ ಹೆಸರಿನಲ್ಲೇ ಉಳಿದು ಬಂದಿದೆ. ಅಂಥ ಧಮ್ಮಕ್ಕೆ ಬಂದು ನಾವು ಮಾಡಿದ್ದು ಇದು!

ಮೂರನೆಯ ಸಾಲಿನಲ್ಲಿ ಕುಳಿತ ಹಿರಿಯರೇ, ನಿಮ್ಮನ್ನೇ ಕೇಳುತ್ತಿದ್ದೇನೆ. ಬರುವ ಭಾನುವಾರ ಇದೇ ವಿಹಾರದಲ್ಲಿ ನಿಮ್ಮ ಮಗನ ಮದುವೆ. ಸೊಸೆಗೆ ಹೊಸ ಹೆಸರು ಆರಿಸಿಟ್ಟಿದ್ದೀರಂತೆ, ನಿಜವೇ?

‘ಹೌದ್ರಿ ಭಂತೇಜಿ. ಹಿರೇರ ಕಾಲದಿಂದ ನಡ್ಕೊಂಡು ಬಂದದ್ದ್ರಿ ಅದು.’

ಹಿರಿಯರ ಕಾಲದಿಂದ ನಡೆದದ್ದು ಇನ್ನೂ ಎಷ್ಟೋ ಇತ್ತಲ್ಲ! ನಾವು ಊರಿನ ಆಚೆ ನಿಲ್ಲುವುದೂ ನಡೆದುಕೊಂಡೇ ಬಂದಿತ್ತು. ನಮ್ಮನ್ನು ಮೇಲ್ಜಾತಿಯವರು ಕರೆಯುತ್ತಿದ್ದ ಹೆಸರುಗಳೂ ನಡೆದುಕೊಂಡೇ ಬಂದಿದ್ದವು. ನಮಗೆ ಬೇಕಾದ ಹೆಸರು ನಾವೇ ಇಟ್ಟುಕೊಳ್ಳುತ್ತೇವೆ ಎಂದು ಎದ್ದು ನಿಂತವರು ನಾವು. ಅವೆಲ್ಲವನ್ನೂ ಕಿತ್ತೆಸೆದು ಬಂದವರು ಈ ಒಂದು ಅಕ್ಕಿಯ ತಟ್ಟೆಯನ್ನು ಮಾತ್ರ ಯಾಕೆ ತಲೆಯ ಮೇಲೆ ಹೊತ್ತು ತಂದಿರಿ? ಭಾನುವಾರ ಆ ತಟ್ಟೆ ಈ ಹೊಸ್ತಿಲು ದಾಟಿದರೆ ನಾನು ಮಂಗಲ ಗಾಥೆ ಹೇಳುವುದಿಲ್ಲ. ಬೇರೆ ಯಾರನ್ನಾದರೂ ಕರೆಸಿಕೊಳ್ಳಿ. ಬಾಗಿಲಲ್ಲಿ ಒಡಪು ಬೇಕೇ? ಬೇಕು, ಚೆಂದದ ಪದ್ಧತಿ ಅದು, ಬಿಡಬೇಡಿ. ಆದರೆ ಮೊದಲು ನಿಮ್ಮ ಮಗ ಹೆಂಡತಿಯ ಹೆಸರಿಟ್ಟು ಒಂದು ಕಟ್ಟಲಿ, ಅವಳ ತಾಯಿ ಇಟ್ಟ ಹೆಸರು. ತಿಣುಕಲಿ. ಬೆವರಲಿ. ಪದ ಕಟ್ಟುವುದು ಎಷ್ಟು ಕಷ್ಟ ಎಂದು ಒಬ್ಬ ಗಂಡಸಿಗಾದರೂ ಗೊತ್ತಾಗಲಿ.

ಇನ್ನುಳಿದವರು ಕೇಳಿ. ಅವ್ವ ಕಟ್ಟಿದ ಜೋಗುಳ ಹಾಡಿದರೆ ಅವ್ವ ಕಟ್ಟಿದ್ದು ಎಂದು ಹೇಳಿ. ಹೆಂಡತಿ ಹೇಳಿದ ಬುದ್ಧಿಮಾತನ್ನು ಕಟ್ಟೆಯ ಮೇಲೆ ಕುಳಿತು ನಿಮ್ಮದೆಂಬಂತೆ ಹೇಳಬೇಡಿ. ಮನೆಯ ಹೆಂಗಸು ಮಾತು ಶುರು ಮಾಡಿದಾಗ ಅದನ್ನು ಮುಗಿಸಲು ಬಿಡಿ.

ಈಗ ತೀರಿಹೋದವರಿಗೆ ಪುಣ್ಯ ಅರ್ಪಿಸುವ ಹೊತ್ತು. ತಾಯಿಯನ್ನು ಕಳೆದುಕೊಂಡವರು ಒಬ್ಬೊಬ್ಬರಾಗಿ ಬಂದು ಅವಳ ಹೆಸರು ಹೇಳಿ ನೀರು ಎರೆಯಿರಿ. ನಿಮ್ಮಪ್ಪನ ಮನೆಯಲ್ಲಿ ಇಟ್ಟದ್ದಲ್ಲ, ಅವಳು ಹುಟ್ಟಿದಾಗ ಇಟ್ಟದ್ದು. ಗೊತ್ತಿಲ್ಲದವರು ತಂಬಿಗೆ ಮುಟ್ಟಬೇಡಿ. ಎದ್ದು ಹೋಗಿ ಮೊದಲ ಬಸ್ಸು ಹಿಡಿಯಿರಿ, ಸೋದರಮಾವನ ಊರಿಗೆ ಹೋಗಿ, ನನ್ನವ್ವ ಯಾರು ಎಂದು ಕೇಳಿಕೊಂಡು ಬನ್ನಿ.