ಇಬ್ಬರೇ ಉಳಿದಿದ್ದ ಆಟ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಬಿಡುವು ಮಾಡಿಕೊಂಡು ಬಂದ ಅತಿಥಿಗಳೇ, ಪುಸ್ತಕ ಹೊಲಿಯುತ್ತ ನನ್ನ ಜೊತೆ ಬೆರಳು ಸವೆಸಿದ ಗೆಳತಿಯರೇ, ಸಭಿಕರೇ,

ನಮ್ಮ ಆಟದ ಬಾಗಿಲನ್ನು ಹೊಸಬರಿಗೆ ತೆರೆದವಳು ನಾನು ಎಂದು ಅಧ್ಯಕ್ಷರು ಹೊಗಳಿದರು. ಸಂಚಾಲಕಿಯ ಕೆಲಸ ಬಿಡುವ ದಿನ ಹೊಗಳಿಕೆ ಸಹಜ; ಹೊರಟು ನಿಂತವರನ್ನು ಬೈಯಲು ಯಾರಿಗೆ ಮನಸ್ಸು ಬರುತ್ತದೆ? ಆದರೆ ಆ ಬಾಗಿಲು ತೆರೆದ ಕಥೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅಷ್ಟು ಹೇಳಿ ಕೂರುತ್ತೇನೆ.

ಆಟ ಹುಟ್ಟಿದ್ದು ನಮ್ಮ ಪ್ರೆಸ್ಸಿನಲ್ಲಿ. ಕರೆಂಟು ಹೋದರೆ ಯಂತ್ರಗಳು ನಿಲ್ಲುತ್ತಿದ್ದವು, ನಾವು ಕಾಗದದ ಕಟ್ಟುಗಳ ಮೇಲೆ ಕೂತು ಹರಟುತ್ತಿದ್ದೆವು. ಪ್ರೂಫ್ ನೋಡುತ್ತಿದ್ದ ಮೇಷ್ಟ್ರು ಒಂದು ದಿನ ಒಂದು ಆಟ ಹೇಳಿದರು. ಸರದಿ ಬಂದವರು ಹೊಸ ನಿಯಮವೊಂದನ್ನು ಸೂಚಿಸಬೇಕು, ಇಲ್ಲವೇ ಹಳೆಯದನ್ನು ಬದಲಿಸಬೇಕು. ಉಳಿದವರು ಮತ ಹಾಕಬೇಕು. ಪಾಸಾದ ನಿಯಮದಂತೆ ಮುಂದಿನ ಆಟ. ಗೆಲ್ಲುವುದು ಹೇಗೆ ಎಂದು ಕೇಳಿದೆವು. ಅದನ್ನೂ ನಾವೇ ತೀರ್ಮಾನಿಸಬೇಕಂತೆ.

ತೀರ್ಮಾನಿಸುತ್ತಲೇ ವರ್ಷಗಳು ಉರುಳಿದವು. ನಿಯಮದ ಮೇಲೆ ನಿಯಮ ಬೆಳೆಯಿತು. ಆಕ್ಷೇಪವಿದ್ದವರು ಕನ್ನಡಕ ತೆಗೆದೇ ಮಾತಾಡಬೇಕು ಎಂದಾಯಿತು. ಕನ್ನಡಕವೇ ಇಲ್ಲದವರು? ಪಕ್ಕದವರದ್ದನ್ನು ಹಾಕಿಕೊಂಡು ತೆಗೆಯಬೇಕು. ಹೊಸದಾಗಿ ಸೇರಿದ ಲಾರಿ ಚಾಲಕರೊಬ್ಬರು ಕೆಲವು ವಾರ ತಾಳಿ ನೋಡಿ, ಇದಕ್ಕಿಂತ ಘಾಟಿಯಲ್ಲಿ ರಿವರ್ಸ್ ತೆಗೆಯುವುದು ಸುಲಭ ಎಂದು ಎದ್ದು ಹೋದರು. ಹಳಬರು ನಿವೃತ್ತರಾದರು, ಊರು ಬಿಟ್ಟರು, ಕೆಲವರು ತೀರಿಕೊಂಡರು. ಕೊನೆಗೆ ಉಳಿದವರು ಮೇಷ್ಟ್ರು ಮತ್ತು ನಾನು.

ಕೆಲಸ ಮುಗಿದ ಮೇಲೆ ಪ್ರೆಸ್ಸಿನ ಅಂಟಿನ ವಾಸನೆಯ ಮಹಡಿ ಕೋಣೆಯಲ್ಲಿ ಇಬ್ಬರೇ ಆಡುತ್ತಿದ್ದೆವು. ನಾನು ನಿಯಮ ಮರೆತರೆ ಅವರು ನಿಧಾನವಾಗಿ, ಮೊದಲಿನಿಂದ ಬಿಡಿಸಿ ಹೇಳುತ್ತಿದ್ದರು. ಎಷ್ಟೋ ಸಲ ಮರೆಯದಿದ್ದರೂ ಕೇಳುತ್ತಿದ್ದೆ. ಅಲ್ಲೇ ಹಾಸಿಗೆ ಹಾಕಿಕೊಂಡುಬಿಡು ಎಂದು ಮನೆಯಲ್ಲಿ ಅಕ್ಕ ರೇಗಿಸುತ್ತಿದ್ದಳು. ಇದನ್ನೆಲ್ಲ ಮೈಕಿನ ಮುಂದೆ ಯಾಕೆ ಹೇಳುತ್ತಿದ್ದೇನೋ. ವಿಷಯಕ್ಕೆ ಬರುತ್ತೇನೆ.

ಒಂದು ಚಳಿಗಾಲ ಮೇಷ್ಟ್ರು ಆಸ್ಪತ್ರೆ ಸೇರಿದರು. ನಾನು ಸಂಜೆ ಮಹಡಿ ಹತ್ತಿ ಸುಮ್ಮನೆ ಕೂತು ಬರುತ್ತಿದ್ದೆ. ಇವರಿಲ್ಲದೆ ಆಟವಿಲ್ಲ, ಆಟವಿಲ್ಲದೆ ಈ ಕೋಣೆಗೆ ಬರಲು ನನಗೊಂದು ನೆಪವೂ ಇಲ್ಲ ಎಂದು ದಿಗಿಲಾಯಿತು. ಅವರು ಗುಣವಾಗಿ ಬಂದ ದಿನವೇ, ಹೊಸಬರು ಸೇರುವಂತಾಗಲಿ ಎಂದು ಸೂಚನೆ ಮಂಡಿಸಿದೆ. ಒಂದೇ ಉಸಿರಿನಲ್ಲಿ ಹೇಳಲಾಗದ ನಿಯಮಗಳೆಲ್ಲ ರದ್ದು. ಹೊಸಬರ ಪಕ್ಕದಲ್ಲಿ ಮೊದಲ ದಿನ ಹಳಬರೊಬ್ಬರು ಕೂರಬೇಕು. ಎಷ್ಟು ಸಲ ಯಾಕೆ ಎಂದು ಕೇಳಿದರೂ ಮುಖ ಸಿಂಡರಿಸಬಾರದು. ಆಡುವವರು ಇಬ್ಬರೇ ಆದ್ದರಿಂದ ಇಬ್ಬರೂ ಒಪ್ಪಿದರಷ್ಟೇ ಅದು ಪಾಸು. ಮೇಷ್ಟ್ರು ಆಕ್ಷೇಪಿಸುವವರಂತೆ ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಆಮೇಲೆ ಕೈ ಎತ್ತಿದರು.

ಮುಂದಿನದು ನಿಮಗೆ ಗೊತ್ತು. ದರ್ಜಿಗಳು ಬಂದರು, ನರ್ಸುಗಳು ಬಂದರು, ಶಾಲೆಯ ಮಕ್ಕಳು ಬಂದರು. ಲಾರಿ ಚಾಲಕರೂ ಮರಳಿ ಬಂದು ಈಗ ಬೇರೆಯವರಿಗೆ ಕಲಿಸುತ್ತಿದ್ದಾರೆ. ಅಗೋ, ಮುಂದಿನ ಸಾಲಿನಲ್ಲಿ ನಗುತ್ತಿರುವವರು ಅವರೇ. ಕೋಣೆ ಸಾಲದೆ ಈ ಸಭಾಂಗಣ ಹಿಡಿದೆವು. ಸಂತೋಷವಲ್ಲವೇ? ಸಂತೋಷವೇ. ಮೇಷ್ಟ್ರು ಒಂದಷ್ಟು ದಿನ ಹಿಂದಿನ ಬೆಂಚಿನಲ್ಲಿ ಕೂತರು. ಆಟ ಎಲ್ಲರಿಗೂ ಅರ್ಥವಾಗುತ್ತಿತ್ತು, ಅವರನ್ನು ಯಾರೂ ಏನೂ ಕೇಳಬೇಕಾಗಿರಲಿಲ್ಲ. ಸಂಚಾಲಕಿಯಾಗಿ ಓಡಾಡುವುದರಲ್ಲಿ ನನಗೂ ಪುರಸೊತ್ತಿರಲಿಲ್ಲ. ಕೊನೆಗೆ ಅವರು ಮಗಳ ಊರಿಗೆ ಹೊರಟರು.

ಬಸ್ ನಿಲ್ದಾಣದಲ್ಲಿ ಕೇಳಿಯೇ ಬಿಟ್ಟೆ, ಇಷ್ಟವಿಲ್ಲದಿದ್ದರೂ ಅವತ್ತು ಯಾಕೆ ಒಪ್ಪಿದಿರಿ ಎಂದು.

"ಆಟ ಉಳೀಲಿ ಅಂತ ಅಲ್ಲ," ಎಂದರು. "ನೀವು ಕೇಳಿದ್ರಿ, ಅದಕ್ಕೆ."

ತಲುಪಿದ ಮೇಲೆ ಫೋನ್ ಮಾಡಿ ಎಂದಷ್ಟೇ ನನ್ನ ಬಾಯಿಂದ ಹೊರಟಿತು. ಮಾಡುತ್ತಾರೆ, ತಪ್ಪದೆ. ಮಂಡಿನೋವು, ಮೊಮ್ಮಗಳ ಶಾಲೆ, ಅಲ್ಲಿಯ ಬಿಸಿಲು, ಇಲ್ಲಿಯ ಬಿಸಿಲು, ಎಲ್ಲ ಮಾತಾಡುತ್ತೇವೆ. ಆಟದ ಸುದ್ದಿ ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಸಭಿಕರೇ, ಇಂದಿನಿಂದ ನನಗೆ ಬಿಡುವು. ನಾಳೆ ಬೆಳಗಿನ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಮೇಷ್ಟ್ರಿಗೆ ಇನ್ನೂ ತಿಳಿಸಿಲ್ಲ. ಅಲ್ಲಿ ಆಡುವುದಾದರೆ ಹಳೆಯ ಆಟವನ್ನೇ, ಅದರ ಅಷ್ಟೂ ಗೋಜಲು ಸಮೇತ. ಎಲ್ಲರನ್ನೂ ಕರೆದವಳು ಹೀಗೆ ಹೇಳಬಾರದು, ಮನ್ನಿಸಿ: ಅಲ್ಲಿ ಹೊಸಬರಿಗೆ ಪ್ರವೇಶವಿಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.