ಎರಡನೇ ಸೆನ್ಸಾರ್

ಕೆಂಚಾರ್ಲಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಗ್ಯಾರೇಜಿನ ಮುಂದೆ ಹಳೆಯ ವ್ಯಾನೊಂದು ಹಬೆ ಉಗುಳುತ್ತ ನಿಂತಿತು.

"ದಸ್ತಗಿರ್ ಸಾಬ್ರೇ, ಟೆಂಪ್ರೇಚರ್ ಮುಳ್ಳು ಕೆಂಪಿಗೆ ಬಂದ್ಬಿಟ್ಟಿದೆ. ಒಳಗೆ ನನ್ನ ಹೆಂಡ್ತಿ. ಹಿಪ್ಪುನೇರಳೆ ತೋಟದಲ್ಲಿ ಹಾವು ಕಚ್ಚಿದೆ. ಚಿಂತಾಮಣಿ ಆಸ್ಪತ್ರೆಗೆ ಹೋಗ್ಬೇಕು."

"ಫ್ಯಾನ್ ತಿರುಗ್ತಿಲ್ಲ ಚನ್ನಕೇಶವಪ್ಪ. ಸೆನ್ಸಾರ್ ಹೋಗಿರ್ಬೇಕು."

"ಇಂಜಿನ್ ಮೇಲಿರೋದನ್ನ ಮೊನ್ನೆ ತಾನೇ ಬದಲಾಯಿಸಿದ್ದೆ!"

"ಅದು ಬರೀ ಮುಳ್ಳಿಗೆ. ಫ್ಯಾನಿಂದು ಬೇರೆ ಇದೆ, ರೇಡಿಯೇಟರ್ ಕೆಳಗಡೆ."

"ಕಣ್ಣು ಮುಚ್ಕೊಂತಾವ್ಳೆ ಸಾಬ್ರೇ!"

"ಮಾತಾಡಿಸ್ತಾ ಇರಿ. ಹಾ, ಸಿಕ್ತು. ಸೆನ್ಸಾರ್ ಬಿಟ್ಟು ಅದರ ಎರಡೂ ವೈರು ನೇರ ಸೇರಿಸ್ಬಿಡ್ತೀನಿ."

ಫ್ಯಾನು ಗಿರ್ರನೆ ತಿರುಗಿತು.

"ರೇಡಿಯೇಟರ್‌ಗೆ ನೀರು ಹಾಕಿ ಹೊರಡಣ. ಕ್ಯಾನ್ ತಗೊಂಡು ನಾನೂ ಬರ್ತೀನಿ."

"ಶ್ಯಾಮಲಾ, ಏನಾದ್ರೂ ಮಾತಾಡೇ!"

ಒಳಗಿಂದ ಸಣ್ಣ ದನಿ ಬಂತು: "ಎಮ್ಮೆಗೆ ನೀರಿಟ್ಟಿಲ್ಲ ಕಣ್ರೀ."

ವ್ಯಾನು ಚಿಂತಾಮಣಿ ರಸ್ತೆ ಹಿಡಿದು ಓಡಿತು.