ಇನ್ನೇನು ವಾಲುವ ಹರಳು

ಅಲ್ಲಾಡಬೇಡ ಅಲ್ಲಾಡಬೇಡ ಅಂತೀರಲ್ಲ ಅತ್ತಿಗೆ, ಹೇಗೆ ಸುಮ್ಮನೆ ಕೂರಲಿ? ಸೊನ್ನೆ! ಸೊನ್ನೆಗೆ ಬಿತ್ತು ಅಂದೆನಲ್ಲ! ಅಯ್ಯೋ ಕಿವಿ, ಕಿವಿ! ಸರಿ ಸರಿ, ಕತ್ತು ನೆಟ್ಟಗಿಟ್ಟೆ. ನೀವು ಕತ್ತರಿ ಆಡಿಸಿ, ನನ್ನ ಬಾಯಿ ಮಾತ್ರ ಕಟ್ಟಬೇಡಿ.

ಏನು ಸೊನ್ನೆನಾ? ಪ್ರತಿರೋಧ! ತಂತೀಲಿ ಕರೆಂಟು ಹೋಗುವಾಗ ಅಡ್ಡಿ ಇರುತ್ತಲ್ಲ, ನಿಮ್ಮ ಈ ಡ್ರೈಯರ್ ಬಿಸಿಯಾಗೋದೇ ಅದರಿಂದ. ಕೆಲವು ವಸ್ತುಗಳನ್ನ ವಿಪರೀತ ತಣ್ಣಗೆ ಮಾಡಿದ್ರೆ ಆ ಅಡ್ಡಿ ಪೂರಾ ಮಾಯ. ಕಮ್ಮಿ ಅಲ್ಲ, ಇಲ್ಲವೇ ಇಲ್ಲ! ಅದನ್ನೇ ಅತಿವಾಹಕತೆ ಅನ್ನೋದು... ಹೂಂ, ಗೊತ್ತು, ಮದುವೆಯಾಗಿ ಬಂದಾಗಿಂದ ಕೇಳ್ತಾನೇ ಇದ್ದೀರಿ. ಅಣ್ಣ ಆಕಳಿಸಿ ಎದ್ದು ಹೋಗ್ತಿದ್ದ, ನೀವೊಬ್ಬರೇ ಕೂತಿರ್ತಿದ್ರಿ. ಅದಕ್ಕೇ ಪ್ರಯೋಗಾಲಯದಿಂದ ನೆಟ್ಟಗೆ ನಿಮ್ಮ ಸಲೂನಿಗೇ ಓಡಿ ಬಂದೆ!

ಈ ಹರಳು ಇದೆಯಲ್ಲ, ಸ್ಟ್ರಾಂಷಿಯಂ ಟೈಟನೇಟ್... ಯಾಕೆ ನಗ್ತೀರಿ, ಅದರ ಹೆಸರಿಗೆ ನಾನೇನು ಮಾಡಲಿ! ಉಗುರಿನಷ್ಟು ಅಗಲ, ಥೇಟ್ ಗಾಜು. ಶುದ್ಧವಾಗಿದ್ದಾಗ ಕರೆಂಟನ್ನ ಹತ್ತಿರಕ್ಕೇ ಸೇರಿಸಲ್ಲ. ಒಂಚೂರು ಆಮ್ಲಜನಕ ಕಿತ್ತುಬಿಟ್ರೆ ಅಲ್ಲೊಂದು ಇಲ್ಲೊಂದು ಎಲೆಕ್ಟ್ರಾನ್ ಅಡ್ಡಾಡೋಕೆ ಶುರುವಾಗುತ್ತೆ. ಖಾಲಿ ಚಿತ್ರಮಂದಿರದಲ್ಲಿ ನಾಲ್ಕು ಜನ ಕೂತ ಹಾಗೆ. ಆ ನಾಲ್ಕೂ ಜನ ಜೋಡಿಯಾಗಿಬಿಡ್ತಾರೆ ಅತ್ತಿಗೆ! ಜೋಡಿಯಾದ್ರೆ ಅಡ್ಡಿಯಿಲ್ಲ. ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗಲ್ಲ, ಸಾಲದ್ದಕ್ಕೆ ಅಷ್ಟು ದೂರ ದೂರ. ಹಾಗಾದ್ರೆ ಗಂಟು ಹಾಕೋ ಪುಣ್ಯಾತ್ಮ ಯಾರು? ಅದೇ ಜಗಳ!

ನನ್ನ ಪ್ರಕಾರ ಪರಮಾಣುಗಳ ನಡುಕ, ಅಷ್ಟೇ. ಒಂದು ಎಲೆಕ್ಟ್ರಾನ್ ಹಾದುಹೋದ್ರೆ ಹಾಸಿಗೆ ತಗ್ಗಾದ ಹಾಗೆ ತಗ್ಗಾಗುತ್ತೆ, ಇನ್ನೊಂದು ಆ ತಗ್ಗಿಗೆ ಜಾರುತ್ತೆ. ಎಷ್ಟೋ ಲೋಹಗಳಲ್ಲಿ ಆಗೋದೇ ಹೀಗೆ, ಇಲ್ಲೇನು ಬೇರೆ? ಪ್ರಯೋಗಾಲಯದ ಎದುರು ರೂಮಿನ ಆಮೆ ಒಪ್ಪಬೇಕಲ್ಲ!... ಹೂಂ, ಅವನೇ, ಒಂದು ಮಾತಾಡೋಷ್ಟರಲ್ಲಿ ಕಾಫಿ ಆರಿಸೋನು. ನಿನ್ನೆ ಇಲ್ಲಿಗೆ ಬಂದಿದ್ನಾ? ಕೂದಲು ಕತ್ತರಿಸಿಕೊಳ್ಳೋಕಾ?... ಓ, ಇವತ್ತಿನ ಸಭೆಗಿರಬೇಕು.

ಅವನು ಏನಂತಾನೆ ಅಂದ್ರೆ, ಈ ಹರಳಿನ ಪರಮಾಣುಗಳೆಲ್ಲ ಒಂದು ಮಗ್ಗುಲಿಗೆ ಇನ್ನೇನು ವಾಲಬೇಕು, ಇನ್ನೇನು... ವಾಲಲ್ಲ! ಎಷ್ಟು ತಣ್ಣಗಾದ್ರೂ ವಾಲಲ್ಲ! ಅಣ್ಣ ಚಪ್ಪಲಿ ಅಂಗಡೀಲಿ ಕೂತ ಹಾಗೆ, ಇದೋ ಅದೋ, ಇದೋ ಅದೋ... ನಗಿ ನಗಿ, ಅವನಿಗೆ ಹೇಳಲ್ಲ! ಆ ತೊಳಲಾಟವೇ ಎಲೆಕ್ಟ್ರಾನುಗಳನ್ನ ಜೋಡಿ ಮಾಡಿಸುತ್ತಂತೆ.

ಯಾರು ಸರಿ ಅಂತ ಹೇಗೆ ತಿಳಿಯೋದು? ಆಮ್ಲಜನಕದಲ್ಲೇ ಭಾರವಾದ ಬಗೆ ಒಂದಿದೆ, ಅದನ್ನ ಹರಳಿಗೆ ಸೇರಿಸಿ ನೋಡಬೇಕು. ಭಾರವಾದ್ರೆ ನಡುಕ ನಿಧಾನ. ಹಾಗಾಗಿ ನನ್ನ ಲೆಕ್ಕದಲ್ಲಿ ಜೋಡಿಯಾಗೋಕೆ ಇನ್ನೂ ತಣ್ಣಗಾಗಬೇಕು, ಉಷ್ಣತೆ ಇಳೀಬೇಕು. ಅವನ ಲೆಕ್ಕದಲ್ಲಿ ಆ ಭಾರ ಹರಳನ್ನ ವಾಲೋ ಅಂಚಿಗೆ ಇನ್ನಷ್ಟು ತಳ್ಳುತ್ತೆ, ತೊಳಲಾಟ ಜಾಸ್ತಿ, ಅಷ್ಟು ತಣ್ಣಗಾಗೋ ಮೊದಲೇ ಜೋಡಿ, ಅಂದ್ರೆ ಆ ಉಷ್ಣತೆ ಏರಬೇಕು. ಇಳಿದ್ರೆ ನಾನು, ಏರಿದ್ರೆ ಅವನು!

ಏರುತ್ತಂತೆ ಅಂತ ಕ್ಯಾಂಟೀನಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಅವನಿಗೂ ಸಾಕಾಯ್ತು. ಇವತ್ತು ಮಧ್ಯಾಹ್ನ ಸಭೇಲಿ ಎದ್ದು ನಿಂತು, ನನ್ನ ಸಿದ್ಧಾಂತ ಕೈಬಿಟ್ಟೆ, ಅವಳೇ ಸರಿ ಅಂತಾನಂತೆ. ಅಷ್ಟು ಜನದ ಮುಂದೆ! ಮೊದಲನೇ ಸಾಲಲ್ಲಿ ನಾನು! ಅದಕ್ಕೇ ಅಲ್ವಾ ಈ ಅಲಂಕಾರ? ಹಿಂದೆ ಇನ್ನೂ ಸ್ವಲ್ಪ ಗಿಡ್ಡ ಮಾಡಿ.

ಬೆಳಿಗ್ಗೆ ಭಾರದ ಹರಳನ್ನ ತಣ್ಣಗೆ ಮಾಡ್ತಾ ಕೂತಿದ್ದೆ. ಪರದೆ ಮೇಲೆ ಪ್ರತಿರೋಧದ ಗೆರೆ ನೆಟ್ಟಗೆ ಹೋಗ್ತಿದೆ, ಹೋಗ್ತಿದೆ... ಧೊಪ್! ಸೊನ್ನೆ! ಅರೆ, ಇಷ್ಟು ಬೇಗ ಬೀಳೋ ಹಾಗಿಲ್ಲವಲ್ಲ! ತಂತಿ ಬಿಚ್ಚಿ ಜೋಡಿಸಿದೆ, ಬಿಸಿ ಮಾಡಿ ಮತ್ತೆ ತಣ್ಣಗೆ ಮಾಡಿದೆ. ಮತ್ತೆ ಅಲ್ಲೇ ಧೊಪ್! ಉಷ್ಣತೆ ಇನ್ನೂ ಅಷ್ಟು ಮೇಲೆ ಇರುವಾಗಲೇ! ಕುಣಿದುಬಿಟ್ಟೆ ಅತ್ತಿಗೆ, ತಣ್ಣಗೆ ಮಾಡೋ ಪಂಪಿನ ಸದ್ದಿಗೆ ತಾಳ ಹಾಕಿಕೊಂಡು ಒಬ್ಬಳೇ...

ಯಾಕೆ ನಿಲ್ಲಿಸಿದ್ರಿ? ಕತ್ತರಿ ಯಾಕೆ...

ಮೇಲೆ ಅಂದೆನಾ ನಾನು?

ಹೂಂ. ಏರಿತು. ನಾನು ಸೋತೆ! ಸೋತು ಕುಣಿದೆ, ಹುಚ್ಚಿ ಅನ್ನಿ. ಎಷ್ಟು ಚಂದ ಇದೆ ಗೊತ್ತಾ ಅದು, ನನ್ನ ಲೆಕ್ಕಕ್ಕಿಂತ ಎಷ್ಟೋ ಚಂದ... ಕನ್ನಡೀಲಿ ಹಾಗೆ ನೋಡಬೇಡಿ. ಹೇಳ್ತೀನಿ ಅವನಿಗೆ, ಹೇಳದೆ ಇರ್ತೀನಾ? ಸಭೆ ಮುಗೀಲಿ ಅಂತ, ಅಷ್ಟೇ. ಅವಳೇ ಸರಿ ಅಂತ ಒಂದು ಸಲ ಅಂದುಬಿಡಲಿ. ನಾನೊಂದು ಸಲ ಕೇಳಿಬಿಡ್ತೀನಿ. ಆಮೇಲೆ ಸತ್ಯ ಎಲ್ಲಿಗೆ ಓಡಿ ಹೋಗುತ್ತೆ...

ಅತ್ತಿಗೆ? ಕತ್ತರಿ ಕೆಳಗಿಟ್ಟೇಬಿಟ್ರಾ? ಬೈಯಿರಿ ಬೇಕಾದ್ರೆ.

ಫೋನ್ ಕೊಡಿ. ಆ ಬಾಚಣಿಗೆ ಪಕ್ಕ. ಬೇಗ ಕೊಡೀಂದ್ರೆ, ನನ್ನ ಮನಸ್ಸು ಬದಲಾಗೋ ಮೊದಲು!

ಹಲೋ... ನಾನು. ಎಲ್ಲಿದ್ದೀಯ? ಆಗಲೇ ಸಭಾಂಗಣದ ಬಾಗಿಲಲ್ಲಾ? ನಿಲ್ಲು, ಒಳಗೆ ಹೋಗಬೇಡ! ಏರಿತು ಕಣೋ! ಭಾರದ ಹರಳು ಏರಿತು! ಮತ್ತೆ ಮಾಡಿ ನೋಡಿದೆ, ಅಲ್ಲೇ ಬಿತ್ತು!... ತಮಾಷೆ ಅಲ್ಲ, ನಿನ್ನಾಣೆ!... ಹಹ್ಹಾ, ಕೂಗು, ಇನ್ನೂ ಜೋರಾಗಿ ಕೂಗು! ಆಮೆ ಕೂಗ್ತಿದೆ ಅತ್ತಿಗೆ, ಕೇಳಿಸ್ತಾ?... ಆಂ? ಏನಂದೆ?... ಯಾವಾಗ ಗೊತ್ತಾಯ್ತಾ?

ಬೆಳಿಗ್ಗೆ.

ಹೂಂ ಕಣೋ... ಬೆಳಿಗ್ಗೇನೇ.